ಎಲ್ಲವೂ ಒಂದೇ ತಾಟಿನಲ್ಲಿ

ಖಾನಾವಳಿ ನಡೆಸುವ ಹೆಂಗಸಿನ ಗಂಡನಾಗಿ ಬಾಳುವುದು ಹೊರಗಿನವರು ತಿಳಿದಷ್ಟು ಸುಖದ ಕೆಲಸವಲ್ಲ.

ದಾಂಡೇಲಿಯ ಕಾಗದದ ಮಿಲ್ಲಿನ ಹಿಂದಿನ ಗೇಟಿನ ಎದುರು ಒಂದು ಓಣಿ, ಆ ಓಣಿಯ ಬಾಯಲ್ಲೇ ದುರ್ಗವ್ವನ ಖಾನಾವಳಿ. ಒಳಗೆ ಒಲೆಯ ಮುಂದೆ ದುರ್ಗವ್ವ, ಹೊರಗೆ ಗಲ್ಲಾಪೆಟ್ಟಿಗೆಯ ಹಿಂದೆ ಅವಳ ಗಂಡ ದ್ಯಾಮಪ್ಪ. ಮಿಲ್ಲಿನಲ್ಲಿ ಬೊಂಬು ಬೇಯಿಸುವ ವಿಭಾಗದಲ್ಲಿ ದುಡಿದು ನಿವೃತ್ತನಾದ ಮೇಲೆ ಅವನು ಆ ಕುರ್ಚಿಗೆ ಬಂದು ಕೂತ. ಅವನನ್ನು ನೋಡಿದವರು, "ಪುಣ್ಯವಂತ ನೋಡ್ರಿ, ಹೆಂಡ್ತಿ ಕೈ ಬಿಸಿ ರೊಟ್ಟಿ ತಿನಕೋತ ಕುಂತಾನ" ಎನ್ನುತ್ತಿದ್ದರು. ಜನ ಹೇಳುವುದರಲ್ಲಿ ಅರ್ಧ ನಿಜವಿರುತ್ತದೆ. ಅವನು ಕೂತಿದ್ದು ನಿಜ.

ಬಿಸಿ ರೊಟ್ಟಿಯ ಮಾತು ಬೇರೆ. ಖಾನಾವಳಿಗೆ ಒಂದು ಪದ್ಧತಿಯಿದೆ. ಮೊದಲ ರೊಟ್ಟಿ ಗೋಡೆಯ ಮೇಲಿನ ದೇವಿಗೆ, ಆಮೇಲೆ ಗಿರಾಕಿಗೆ, ಗಿರಾಕಿಗಳೆಲ್ಲ ಎದ್ದ ಮೇಲೆ ಗಂಡನಿಗೆ, ಎಲ್ಲ ಮುಗಿದ ಮೇಲೆ ಮಾಡಿದವಳಿಗೆ. ಇದನ್ನು ಯಾರೂ ಬರೆದಿಟ್ಟಿಲ್ಲ. ಬರೆದಿಟ್ಟಿದ್ದರೆ ಯಾರಾದರೂ ಒಮ್ಮೆ ತಿದ್ದಬಹುದಿತ್ತು. ಮಧ್ಯಾಹ್ನ ಇಳಿಹೊತ್ತಿಗೆ ಪಾತ್ರೆಗಳ ತಳ ಕಂಡಾಗ ದ್ಯಾಮಪ್ಪ ಊಟಕ್ಕೆ ಕೂರುತ್ತಿದ್ದ. ಎರಡು ತಣ್ಣನೆಯ ರೊಟ್ಟಿ, ಚಟ್ನಿಯಂಥ ಖಾರದ ಹಿಂಡಿ, ಒಂದು ಉಳ್ಳಾಗಡ್ಡಿ, ಕೂಡಲೇ ಒಂದು ಕಪ್ ಚಾ. ಅವನಿಗೆ ಅದರಲ್ಲಿ ಕೊರತೆಯೇನೂ ಕಂಡಿರಲಿಲ್ಲ. ಹೊಟ್ಟೆ ತುಂಬಿದರೆ ಊಟವಾಯಿತು ಎಂದೇ ಅವನ ಲೆಕ್ಕ.

ಆ ಲೆಕ್ಕ ಕೆಟ್ಟಿದ್ದು ಒಂದು ಚಿತ್ರಪಟದಿಂದ. ಪಕ್ಕದ ಮನೆಯವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ, ಅವರ ಪಾಳಿ ಬರುವವರೆಗೆ ಮಾಡಲು ಬೇರೆ ಕೆಲಸವಿಲ್ಲದೆ, ದ್ಯಾಮಪ್ಪ ಗೋಡೆಯ ಮೇಲಿನ 'ಸಮತೋಲನ ಆಹಾರ' ಎಂಬ ಪಟವನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದ. ಪುಸ್ತಕ ಓದಿ ಜಾಣನಾದವನಿಗೆ ಎಲ್ಲೋ ಒಂದು ಅನುಮಾನ ಉಳಿದಿರುತ್ತದೆ. ಪಟ ನೋಡಿ ಜಾಣನಾದವನಿಗೆ ಆ ಕಾಟವಿಲ್ಲ. ಮರುದಿನವೇ ಗಲ್ಲಾದ ಹಿಂದಿನಿಂದ ಪಾಠ ಶುರುವಾಯಿತು.

"ಮಲ್ಲೇಶಾ, ಬರೇ ಬೊಂಬು ಹಾಕಿದ್ರ ಕಾಗದಾ ಆಗ್ತೈತೇನು?"

ಮಲ್ಲೇಶ ಮಿಲ್ಲಿನ ನೌಕರ, ಖಾನಾವಳಿಯ ಕಾಯಂ ಗಿರಾಕಿ. ದಾಂಡೇಲಿಯಲ್ಲಿ ಯಾವ ಸುದ್ದಿಯೂ ಅವನನ್ನು ದಾಟಿ ಮುಂದೆ ಹೋಗುತ್ತಿರಲಿಲ್ಲ. ಅವನನ್ನು ಮುಟ್ಟಿದ ಸುದ್ದಿ ಅಲ್ಲೇ ನಿಲ್ಲುತ್ತಲೂ ಇರಲಿಲ್ಲ. "ಆಗೂದಿಲ್ರಿ ದ್ಯಾಮಣ್ಣ. ನೀವ ಕಲಿಸೀರಿ."

"ನೀರು ಬೇಕು, ಉಗಿ ಬೇಕು, ಸುಣ್ಣ ಬೇಕು. ಹಂಗ, ಬರೇ ರೊಟ್ಟಿ ತಿಂದ್ರ ಮನಶಾ ಆಗೂದಿಲ್ಲ. ರೊಟ್ಟಿ ಅಂದ್ರ ಉರವಲ ಅಷ್ಟ. ಕಾಳಿನ್ಯಾಗ ಪ್ರೋಟೀನು, ಅದು ಮೈ ಕಟ್ಟತೈತಿ. ಶೇಂಗಾದಾಗ ಎಣ್ಣಿ, ಮಶೀನಿಗೆ ಆಯಿಲ್ ಬಿಟ್ಟಂಗ. ತಪ್ಪಲ ಪಲ್ಯಾದಾಗ ಕಬ್ಬಿಣ, ಅದರಿಂದ ರಕ್ತ. ಮಸರಿನ್ಯಾಗ ಸುಣ್ಣ, ಅದರಿಂದ ಎಲುಬು. ಲಿಂಬಿಹಣ್ಣಿನ್ಯಾಗ ವಿಟಮಿನ್ನು. ಒಂದ್ ಬಿಟ್ರ ಇನ್ನೊಂದ್ ನಡ್ಯೂದಿಲ್ಲ."

ಎದುರಿನ ಬೆಂಚಿನಲ್ಲಿ ಸೋಮಾ ಕೂತಿದ್ದ. ಕೋಗಿಲಬನದ ಸಿದ್ದಿ ಸಮುದಾಯದವನು, ಲಾರಿಗೆ ಮಾಲು ಏರಿಸುವವನು. ಮಾತು ಕಡಿಮೆ, ಊಟ ಗಟ್ಟಿ. ಅವನು ಖಾಲಿ ತಾಟನ್ನು ಒಳಗೆ ತೋರಿಸಿ ಕೂಗಿದ: "ದುರ್ಗಕ್ಕಾ, ಇಲ್ಲೆ ಇನ್ನೊಂದ್ ಸೌಟ ಕಬ್ಬಿಣ ಹಾಕ್ರಿ!"

ಎಲ್ಲರೂ ನಕ್ಕರು. ಅಂದಿನಿಂದ ಆ ಖಾನಾವಳಿಯಲ್ಲಿ ಸೊಪ್ಪಿನ ತಪ್ಪಲ ಪಲ್ಯಕ್ಕೆ ಕಬ್ಬಿಣ ಎಂದೇ ಹೆಸರಾಯಿತು. ಮೊದಲು ಎರಡು ಸೌಟಿಗೆ ಏಳುತ್ತಿದ್ದವರು ವಿದ್ಯೆ ಬಂದ ಮೇಲೆ ನಾಲ್ಕಕ್ಕೂ ಏಳಲಿಲ್ಲ. ದ್ಯಾಮಪ್ಪನಿಗೆ ಬಹಳ ಸಂತೋಷವಾಯಿತು. ಪೇಂಟರ್ ಈರೇಶನನ್ನು ಕರೆಸಿ, ಬಾಗಿಲ ಮೇಲೆ ಹೊಸ ಬೋರ್ಡು ಬರೆಸಿದ: 'ದುರ್ಗಾ ಖಾನಾವಳಿ. ಶಕ್ತಿ, ಪ್ರೋಟೀನು, ಕಬ್ಬಿಣ, ವಿಟಮಿನ್. ಎಲ್ಲವೂ ಒಂದೇ ತಾಟಿನಲ್ಲಿ.'

ದುರ್ಗವ್ವ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದು ಬೋರ್ಡು ನೋಡಿದಳು. "ರೊಟ್ಟಿ ಅಂತ ಎಲ್ಲೂ ಬರ್ದಿಲ್ಲಲ್ರೀ?"

"ಶಕ್ತಿ ಅಂದ್ರ ರೊಟ್ಟಿನ."

"ಹಂಗಾರ ರೊಟ್ಟಿ ಅಂತ ಬರ್ಸಬೇಕಿತ್ತು. ಹಸದವಂಗ ತಿಳೀತಿತ್ತು" ಎಂದು ಅವಳು ಒಳಗೆ ಹೋದಳು. ಹೊಸಿಲು ದಾಟುವಾಗ ಚೌಕಟ್ಟು ಹಿಡಿದು ಒಂದು ಗಳಿಗೆ ನಿಂತಳು. ದ್ಯಾಮಪ್ಪ ಆಗ ಬೋರ್ಡಿನ ಮೂಲೆಗೆ ಅಂಟಿದ ಹುಲ್ಲುಕಡ್ಡಿ ತೆಗೆಯುತ್ತಿದ್ದ.

ಬೋರ್ಡಿನ ಬಣ್ಣ ಆರುವ ಮೊದಲೇ ಓಣಿಯ ಗುಡಿಕಟ್ಟೆಯ ಮೇಲೆ ಆರೋಗ್ಯ ತಪಾಸಣೆ ಬಂತು. ಕರೆಯುವ ಮೊದಲೇ ದ್ಯಾಮಪ್ಪ ಹೋಗಿ ಕೂತ. ಆಹಾರದ ವಿಷಯದಲ್ಲಿ ತಾನೂ ಆ ಇಲಾಖೆಯ ಅರ್ಧ ಮನುಷ್ಯ ಎಂಬ ಭಾವನೆ ಅವನಿಗೆ. ತಪಾಸಣೆ ಮಾಡುತ್ತಿದ್ದ ನರ್ಸ್ ಹೀನಾ ಅವನ ಬೆರಳು ಚುಚ್ಚಿ, ಯಂತ್ರ ನೋಡಿ, ಇನ್ನೊಂದು ಬೆರಳು ಚುಚ್ಚಿ ನೋಡಿದಳು.

"ಕಾಕಾ, ನಿಮ್ಮ ಮೈಯಾಗ ರಕ್ತ ಕಡಿಮಿ ಐತಿ. ಒಂಬತ್ತರ ಮ್ಯಾಲ ಇಲ್ಲ."

ದ್ಯಾಮಪ್ಪ ಮೊದಲು ನೋಡಿದ್ದು ತನ್ನ ಬೆರಳನ್ನಲ್ಲ, ಸುತ್ತಲಿನ ಜನರನ್ನು. "ಸಾವಕಾಶ ಮಾತಾಡವಾ, ತಂಗಿ. ಮಶೀನ್ ಸರಿ ಐತೇನು?"

"ಮಶೀನ್ ಸರಿ ಐತಿ. ದಿನಾ ಏನ್ ಉಣ್ತೀರಿ?"

ಇಲ್ಲಿ ನಿಜ ಹೇಳಿದ್ದರೆ ಕಥೆ ಈ ಸಾಲಿಗೇ ಮುಗಿಯುತ್ತಿತ್ತು. ಆದರೆ ಬೋರ್ಡು ಬರೆಸಿದವನಿಗೆ ನಿಜ ಹೇಳುವುದು ಕಷ್ಟ. ದ್ಯಾಮಪ್ಪ ಬೋರ್ಡನ್ನೇ ಒಪ್ಪಿಸಿದ: "ರೊಟ್ಟಿ, ಮಡಿಕಿಕಾಳ ಪಲ್ಯಾ, ತಪ್ಪಲ ಪಲ್ಯಾ, ಶೇಂಗಾ ಹಿಂಡಿ, ಮಸರು, ಲಿಂಬಿಹಣ್ಣು. ದಿನಾ."

ಹೀನಾಳ ಹುಬ್ಬು ಗಂಟಾಯಿತು. "ಇಷ್ಟೆಲ್ಲಾ ಉಂಡೂ ರಕ್ತ ಇಲ್ಲಂದ್ರ, ಅದು ಒಳಗ ಎಲ್ಲೋ ಸೋರಾಕ್ಹತ್ತಿರಬೇಕು. ಹಗರ ತಗೋಬ್ಯಾಡ್ರಿ. ಲಗೂನ ಡಾಕ್ಟರಿಗೆ ತೋರಸ್ರಿ. ಗುಳಿಗಿ ಕೊಡ್ತೇನಿ. ಊಟದ ಜೋಡಿ ಚಾ ಕುಡೀಬ್ಯಾಡ್ರಿ, ಅದು ಕಬ್ಬಿಣಾನ ಮೈಗೆ ಹತ್ತಾಕ ಬಿಡೂದಿಲ್ಲ. ಮತ್ತ ಕಾಕೂನೂ ಕರ್ಕೊಂಡ್ ಬರ್ರಿ, ಅವ್ರದೂ ನೋಡೂಣು."

"ಅಕಿಗೇನಾಗೈತಿ? ಇಡೀ ಓಣಿಗೆ ಉಣಸ್ತಾಳ ಅಕಿ" ಎಂದು ದ್ಯಾಮಪ್ಪ ಎದ್ದ. ಇದು ಅವನು ಆ ದಿನ ಹೇಳಿದ ಎರಡನೆಯ ಸುಳ್ಳು. ಅದು ಸುಳ್ಳು ಎಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಮನೆಗೆ ಬರುವಷ್ಟರಲ್ಲಿ ಅವನಿಗೆ ತನ್ನ ರಕ್ತಕ್ಕಿಂತ ಖಾನಾವಳಿಯ ಚಿಂತೆ ದೊಡ್ಡದಾಗಿತ್ತು. ಖಾನಾವಳಿ ಹೆಂಡತಿಯದು. ಅವನ ಮಿಲ್ಲಿನ ಪಗಾರ ಸಾಲದ ಕಾಲದಲ್ಲಿ ಒಂದು ಒಲೆ, ಒಂದು ಹಂಚು ಇಟ್ಟುಕೊಂಡು ಅವಳು ಎಬ್ಬಿಸಿದ ಹೆಸರು ಅದು. ಊರಿಗೆಲ್ಲ ಕಬ್ಬಿಣ ಬಡಿಸುವವಳ ಗಂಡನ ಮೈಯಲ್ಲೇ ಕಬ್ಬಿಣವಿಲ್ಲ ಎಂದು ಮಲ್ಲೇಶನಿಗೆ ಗೊತ್ತಾದರೆ? ಆಮೇಲೆ ಅಲ್ಲಿ ಯಾರು ಉಣ್ಣುತ್ತಾರೆ? ಬಾಯಿ ಮುಚ್ಚಿಕೊಂಡು ಗುಣ ಮಾಡಿಕೊಳ್ಳಬೇಕು ಎಂದು ಅವನು ನಿರ್ಧರಿಸಿದ. ದಾಂಡೇಲಿಯ ದವಾಖಾನೆಗೆ ಹೋಗುವಂತಿಲ್ಲ, ಅಲ್ಲಿಯ ಕಂಪೌಂಡರೂ ದುರ್ಗವ್ವನ ಗಿರಾಕಿಯೇ. ಹಾಗಾಗಿ ಹಳಿಯಾಳ.

"ಹಳಿಯಾಳ ಪ್ಯಾಟ್ಯಾಗ ಜ್ವಾಳ ಚಲೋ ಬಂದೈತಂತ. ಹೋಗಿ ನೋಡಿ ಬರ್ತೇನಿ" ಎಂದು ಹೆಂಡತಿಗೆ ಹೇಳಿ ಬಸ್ಸು ಹತ್ತಿದ.

ಹಳಿಯಾಳದ ಡಾಕ್ಟರರು ಒತ್ತಿ ನೋಡಿದರು, ಬಡಿದು ನೋಡಿದರು, ಏನೇನೋ ಪರೀಕ್ಷೆ ಮಾಡಿಸಿದರು. ಎಲ್ಲಿಯೂ ಸೋರಿಕೆ ಸಿಗಲಿಲ್ಲ. "ಗುಳಿಗೆ ನುಂಗಿ. ಊಟ ಸರಿಯಾಗಿ ಮಾಡಿ. ಮುಂದಿನ ವಾರ ಬನ್ನಿ" ಎಂದರು. ಹೊರಗೆ ಬಂದಾಗ ದ್ಯಾಮಪ್ಪನಿಗೆ ಹಸಿವು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಖಾನಾವಳಿ ಕಂಡಿತು. ಎಷ್ಟೋ ವರ್ಷಗಳ ಮೇಲೆ ಅವನು ಗಿರಾಕಿಯಾಗಿ ಬೆಂಚಿನ ಮೇಲೆ ಕೂತ. ಬಿಸಿ ರೊಟ್ಟಿ ಬಂತು. ಕಾಳು ಬಂತು. ರಾಜಗಿರಿ ತಪ್ಪಲು ಬಂತು, ಅದರ ಮೇಲೆ ಲಿಂಬಿಹಣ್ಣಿನ ಹೋಳು. ಕೇಳಿದರೆ ಇನ್ನೊಮ್ಮೆಯೂ ಬಂತು. ಉಂಡು ಎದ್ದಾಗ ಅವನ ಕಣ್ಣಲ್ಲಿ ನೀರಿತ್ತು. ಖಾರಕ್ಕೆ ಎಂದು ತನಗೆ ತಾನೇ ಹೇಳಿಕೊಂಡ.

ಹೀಗೆ ವಾರವಾರವೂ ಹಳಿಯಾಳದ ಜೋಳ ಚಲೋ ಬರತೊಡಗಿತು. ಅಡಿಗೆಮನೆಯ ಮೂಲೆಯಲ್ಲಿ ಚೀಲದ ಮೇಲೆ ಚೀಲ ಬಿತ್ತು.

"ಇಷ್ಟ್ ಜ್ವಾಳ ಯಾಕ್ರೀ? ಮಠದಾಗ ದಾಸೋಹ ಮಾಡೂದೈತೇನು?" ಎಂದು ದುರ್ಗವ್ವ ಕೇಳಿದಳು.

"ಮುಂದ ತುಟ್ಟಿ ಆಗ್ತೈತಿ."

"ತುಟ್ಟಿ ಆಗ್ಲಿ ಬಿಡ್ಲಿ, ನನಗ ಮುಂಜಾನಿ ಎದ್ದ ಕೂಡ್ಲೆ ಇದನ್ನ ನೋಡಿದ್ರ ಕೈ ಸೋಲ್ತಾವ. ಇವನ್ನೆಲ್ಲಾ ಬಡೀಬೇಕಲ್ಲಾ ಅಂತ." ಅವಳು ಚೀಲಕ್ಕೆ ಒರಗಿ ಕೂತಳು. ಇತ್ತೀಚೆಗೆ ಅವಳು ಎಲ್ಲಿ ಸಿಕ್ಕರೆ ಅಲ್ಲಿ ಒರಗುತ್ತಿದ್ದಳು.

ಮೂರನೆಯ ಸಲವೋ ನಾಲ್ಕನೆಯ ಸಲವೋ ದ್ಯಾಮಪ್ಪ ಹಳಿಯಾಳದಲ್ಲಿ ಲಿಂಬಿಹಣ್ಣು ಹಿಂಡುತ್ತಿದ್ದಾಗ, ಬಾಗಿಲಲ್ಲಿ ಒಂದು ನೆರಳು ಬಿತ್ತು.

"ದ್ಯಾಮಣ್ಣ! ನೀವು? ಇಲ್ಲೆ ಊಟಾ?"

ಮಲ್ಲೇಶ! ದ್ಯಾಮಪ್ಪನ ಕೈಯಿಂದ ಲಿಂಬಿಹೋಳು ತಾಟಿಗೆ ಬಿತ್ತು. ಜೋಳ ತರಲು ಬಂದೆ, ಹಸಿವಾಯಿತು, ಕೂತೆ. ಇಷ್ಟು ಹೇಳಿದ್ದರೆ ಸಾಕಿತ್ತು, ಅದು ಮುಕ್ಕಾಲು ನಿಜವೂ ಆಗಿತ್ತು. ಆದರೆ ಅಂಜಿದವನ ಬಾಯಿಗೆ ನಿಜ ಬರುವುದಿಲ್ಲ, ಹತ್ತಿರ ಯಾವುದಿದೆಯೋ ಅದು ಬರುತ್ತದೆ.

"ಹೊಟ್ಟಿ ಸರಿ ಇಲ್ಲೋ ಮಲ್ಲೇಶ. ಅದಕ್ಕ ಇಲ್ಲೆ ಉಣ್ಣಾಕ ಬಂದೀನಿ."

ಹೇಳಿದ ಮೇಲೆ ಅವನಿಗೇ ಅದು ಕೇಳಿಸಿತು.

ಮಲ್ಲೇಶ "ಹೌದ್ರೇನು" ಎಂದ. ಅದರ ಮೇಲೆ ಒಂದು ಮಾತೂ ಆಡಲಿಲ್ಲ. ದಾಂಡೇಲಿಯ ಬಸ್ಸಿನಲ್ಲಿಯೂ ಸುಮ್ಮನೆ ಕೂತಿದ್ದನಂತೆ. ಅವನನ್ನು ಬಲ್ಲವರು ಆಗಲೇ ಹೆದರಬೇಕಿತ್ತು.

ಸಂಜೆಯ ಪಾಳಿ ಬಿಡುವಾಗ ಮಿಲ್ಲಿನ ಗೇಟಿನಲ್ಲಿ ಸುದ್ದಿ ಹೀಗಿತ್ತು: ದ್ಯಾಮಣ್ಣನ ಹೊಟ್ಟೆ ಕೆಟ್ಟಿದೆ, ಹಳಿಯಾಳಕ್ಕೆ ಹೋಗಿ ಉಣ್ಣುತ್ತಾನೆ. ಮರುದಿನ: ಹೆಂಡತಿಯ ಖಾನಾವಳಿಯ ಊಟದಿಂದಲೇ ಹೊಟ್ಟೆ ಕೆಟ್ಟಿದೆ, ಡಾಕ್ಟರರು ಅದನ್ನು ಮುಟ್ಟಬೇಡ ಎಂದಿದ್ದಾರೆ. ಅದರ ಮರುದಿನ ಅಡಿಗೆಮನೆಯ ಜೋಳದ ರಾಶಿ ಕಂಡವರೊಬ್ಬರು, ಅಗ್ಗಕ್ಕೆ ಸಿಕ್ಕ ಹುಳುಕು ಜೋಳ ತುಂಬಿಟ್ಟಿದ್ದಾರೆ ಎಂದು ಸೇರಿಸಿದರು. ಸುಳ್ಳಿಗೂ ಸಮತೋಲನ ಬೇಕು. ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿದರೆ ಅದು ಪುಷ್ಟಿಯಾಗಿ ಬೆಳೆಯುತ್ತದೆ.

ಬೆಂಚುಗಳು ಖಾಲಿಯಾಗತೊಡಗಿದವು. ಒಬ್ಬನಿಗೆ ಉಪವಾಸ, ಇನ್ನೊಬ್ಬನಿಗೆ ಮನೆಯಿಂದ ಡಬ್ಬಿ, ಮತ್ತೊಬ್ಬನ ಹೆಂಡತಿ ತವರಿನಿಂದ ಬಂದಳು. ಮಿಲ್ಲಿನ ಭೋಂಗಾ ಕೂಗಿದಾಗ ದುರ್ಗವ್ವ ಹಂಚಿನ ಮೇಲಿಂದ ತಲೆಯೆತ್ತಿ ಬಾಗಿಲು ನೋಡುತ್ತಿದ್ದಳು. ಸೋಮಾ ಒಬ್ಬ ಬಂದು ತನ್ನ ಜಾಗದಲ್ಲಿ ಕೂತು, ಎಂದಿನಂತೆ ಕಬ್ಬಿಣ ಕೇಳಿ ಉಣ್ಣುತ್ತಿದ್ದ.

"ಏನಾಗೈತೋ ಸೋಮಾ ಮಂದಿಗೆ? ನನ್ನ ಕೈ ಕೆಟ್ಟೈತೇನು?"

"ನಿಮ್ಮ ಕೈ ಕೆಟ್ಟಿಲ್ರಿ ಅಕ್ಕಾ" ಎಂದು ಸೋಮಾ ಗಲ್ಲಾದ ಕಡೆ ನೋಡಿದ. ದ್ಯಾಮಪ್ಪ ಗಲ್ಲಾದೊಳಗೆ ಏನೋ ಹುಡುಕುತ್ತಿದ್ದ. ಅದರಲ್ಲಿ ಆ ಹೊತ್ತು ಹುಡುಕುವಂಥದ್ದೇನೂ ಇರಲಿಲ್ಲ.

ಉಳಿದ ಪಲ್ಯವನ್ನಾದರೂ ಗಂಡ ಹೆಂಡತಿ ಉಂಡರೇ ಎಂದರೆ ಅದೂ ಇಲ್ಲ. ಬಂದಾರು, ಬಂದಾರು ಎಂದು ದುರ್ಗವ್ವ ಅದನ್ನು ಸಂಜೆಯವರೆಗೆ ಮುಚ್ಚಿಡುವಳು. ಸಂಜೆ ಅದು ಹಳಸುವುದು. ಓಣಿಯ ಎಮ್ಮೆಯೊಂದು ಆ ವಾರ ಚೆನ್ನಾಗಿ ಮೈ ತುಂಬಿಕೊಂಡಿತು.

ಅಷ್ಟರಲ್ಲಿ ಸುದ್ದಿ ತೇರಗಾಂವಿಗೂ ಮುಟ್ಟಿತು. ಬಸ್ಸಿನಲ್ಲಿ ಹೋಗುವ ಸುದ್ದಿ ದಾರಿಯಲ್ಲಿ ಇಳಿದು ಹತ್ತಿ ವೇಷ ಬದಲಿಸುತ್ತದೆ. ಅಲ್ಲಿ ದುರ್ಗವ್ವನ ಅಕ್ಕ ಶಿವಗಂಗವ್ವನ ಕಿವಿಗೆ ಬಿದ್ದಾಗ ಅದರಲ್ಲಿ ಹೊಟ್ಟೆಯೂ ಇರಲಿಲ್ಲ, ಜೋಳವೂ ಇರಲಿಲ್ಲ. ದ್ಯಾಮಪ್ಪ ವಾರವಾರ ಹಳಿಯಾಳಕ್ಕೆ ಹೋಗಿ ಬೇರೆಯವಳ ಕೈಯೂಟ ಉಣ್ಣುತ್ತಾನೆ ಎಂಬುದಷ್ಟೇ ಉಳಿದಿತ್ತು. ಆಕೆ ಮೊದಲ ಬಸ್ಸಿಗೇ ಬಂದಿಳಿದಳು. ಚಪ್ಪಲಿ ಬಿಡಲಿಲ್ಲ, ನೀರು ಮುಟ್ಟಲಿಲ್ಲ.

"ಏನಪಾ ದ್ಯಾಮಪ್ಪಾ, ಯಾರಾಕಿ?"

"ಯಾರ್ರೀ ಅಕ್ಕಾರ?"

"ಹಳಿಯಾಳದಾಕಿ! ನಿನ್ನ ತಲ್ಯಾಗ ಕರಿ ಕೂದಲಾ ಎಣಿಸಿದ್ರ ಒಂದ ಕೈ ಬೆರಳ ಸಾಕು. ಈಗ ಅಕಿ ಕೈ ರುಚಿ ಬೇಕಾತೇನು ನಿನಗ?"

ದುರ್ಗವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಗಂಡನನ್ನು ನೋಡಿದಳು, ಜೋಳದ ಚೀಲಗಳನ್ನು ನೋಡಿದಳು, ಮತ್ತೆ ಗಂಡನನ್ನು ನೋಡಿದಳು. ಕೂಗಾಡಲಿಲ್ಲ. "ಹಳಿಯಾಳಕ್ಕ ಉಣ್ಣಾಕ ಹೋಗ್ತೀರೇನು?" ಎಂದು ಮೆಲ್ಲಗೆ ಕೇಳಿದಳು.

ದ್ಯಾಮಪ್ಪ ಬಾಯಿ ತೆಗೆಯುವಷ್ಟರಲ್ಲಿ ಬಾಗಿಲಲ್ಲಿ ಮೋಟರ್ ಸೈಕಲ್ ನಿಂತಿತು. ನಗರಸಭೆಯ ಆರೋಗ್ಯ ನಿರೀಕ್ಷಕರು ಇಳಿದರು. ಹಿಂದಿನ ಸ್ಕೂಟರಿನಿಂದ ಪೆಟ್ಟಿಗೆ ಹಿಡಿದು ಹೀನಾ ಇಳಿದಳು. ಅವರ ಬೆನ್ನಿಗೆ ಮಲ್ಲೇಶ, ಮಲ್ಲೇಶನ ಬೆನ್ನಿಗೆ ಓಣಿ. ಖಾನಾವಳಿಯಲ್ಲಿ ಅಷ್ಟು ಜನ ಸೇರಿ ಎಷ್ಟೋ ದಿನವಾಗಿತ್ತು. ಒಬ್ಬರೂ ಊಟಕ್ಕೆ ಬಂದಿರಲಿಲ್ಲ.

"ದೂರು ಬಂದಿದೆ" ಎಂದರು ನಿರೀಕ್ಷಕರು. ಅವರು ಮಂಗಳೂರಿನ ಕಡೆಯವರು, ಮಾತೆಲ್ಲ ತಿದ್ದಿ ಬರೆದ ಹಾಗೆ. "ಅಡುಗೆಮನೆ ನೋಡಬೇಕು. ಅಡುಗೆ ಮಾಡುವವರ ಆರೋಗ್ಯವನ್ನೂ ಸಿಸ್ಟರ್ ಪರೀಕ್ಷಿಸುತ್ತಾರೆ."

ಜೋಳದ ಚೀಲಕ್ಕೆ ಕೈ ಹಾಕಿ ಕಾಳು ತೆಗೆದು ಕಚ್ಚಿ ನೋಡಿದರು. ನೀರಿನ ಕೊಡ ಬಗ್ಗಿ ನೋಡಿದರು. ಪಾತ್ರೆಗಳ ಮುಚ್ಚಳ ತೆಗೆದು ಮೂಸಿದರು. ಮಡಿಕಿಕಾಳಿನ ಮುಂದೆ ಮೂಸುವುದು ಸ್ವಲ್ಪ ಹೆಚ್ಚೇ ಹೊತ್ತು ನಡೆಯಿತು. ಹೊರಬಂದು, "ಎಲ್ಲ ಶುದ್ಧವಾಗಿದೆಯಲ್ಲ. ಮತ್ತೆ ದೂರು ಯಾಕೆ?" ಎಂದರು.

ಸೋಮಾ ತನ್ನ ಬೆಂಚಿನಿಂದ ಏಳದೆ ಹೇಳಿದ: "ಸಾಹೇಬ್ರ, ಅದಕ್ಕ ನಾ ಒಂದ್ ಉಪಾಯ ಹೇಳ್ತೇನ್ರಿ. ದ್ಯಾಮಣ್ಣ ಎಲ್ಲಾರ ಮುಂದ ಇಲ್ಲೆ ಒಂದ್ ತಾಟ ಉಣ್ಲಿ. ಮುಗೀತು."

ಓಣಿ ತಲೆಯಾಡಿಸಿತು. ಇದು ಎಲ್ಲ ಕಾಯಿದೆಗಿಂತ ದೊಡ್ಡ ಪರೀಕ್ಷೆ ಎಂದು ನಿರೀಕ್ಷಕರೂ ಒಪ್ಪಿದರು. ದುರ್ಗವ್ವ ತಾಟು ತೊಳೆದು ತಂದಳು. ಎರಡು ಬಿಸಿ ರೊಟ್ಟಿ, ಕಾಳು, ತಪ್ಪಲು, ಹಿಂಡಿ, ಮೊಸರು, ಲಿಂಬಿಹೋಳು. ಬೋರ್ಡಿನಲ್ಲಿದ್ದ ತಾಟು, ಒಂದೂ ಬಿಡದೆ.

ದ್ಯಾಮಪ್ಪ ಎಲ್ಲರ ಕಣ್ಣಿನ ಭಾರ ಹೊತ್ತು ಕೂತ. ರೊಟ್ಟಿ ಮುರಿದ, ಕಾಳಿನ ಪಲ್ಯ ತೆಗೆದುಕೊಂಡ, ಬಾಯಿಗಿಟ್ಟ. ಅಗಿಯುತ್ತ ಅಗಿಯುತ್ತ ಅವನ ಕಣ್ಣು ಅರಳಿತು. ಎಲ್ಲಿದ್ದೇನೆ ಎಂಬುದನ್ನೇ ಮರೆತು ಹೆಂಡತಿಯ ಕಡೆ ತಿರುಗಿದ.

"ಎಂಥಾ ರುಚಿ ಆಗೈತಲೇ! ಇದಕ್ಕ ಗುರೆಳ್ಳ ಪುಡಿ ಯಾವಾಗಿಂದ ಹಾಕಾಕ್ಹತ್ತಿದಿ?"

ಓಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮೊದಲಿಂದ" ಎಂದಳು ದುರ್ಗವ್ವ.

ಮಲ್ಲೇಶ ಚಪ್ಪಾಳೆ ತಟ್ಟಿದ. "ಕೇಳಿದ್ರೇನ್ರೀ ಸಾಹೇಬ್ರ! ನಮಗೆಲ್ಲಾ ಗೊತ್ತಿರೂ ರುಚಿ ಮಾಲಕಗ ಗೊತ್ತಿಲ್ಲ! ಈ ಮನಶಾ ಇಲ್ಲೆ ಒಂದ್ ದಿನಾನೂ ಉಂಡಿಲ್ಲ!"

"ಅವ್ರಿಗೆ ಹಾಕಾಕ ನೀವ್ ಉಳಸ್ತೀರೇನು?"

ದುರ್ಗವ್ವನ ದನಿ ಅಷ್ಟು ಏರಿದ್ದನ್ನು ಯಾರೂ ಕೇಳಿರಲಿಲ್ಲ. "ಕಬ್ಬಿಣ ಹಾಕ್ರಿ, ಕಬ್ಬಿಣ ಹಾಕ್ರಿ ಅಂತ ತಳಾ ಕೆರೆಸಿ ಉಣ್ತೀರಿ. ಮಲ್ಲೇಶಾ, ನೀ ಎಷ್ಟ ಸರತೆ ಹಾಕ್ಸಿಕೊಳ್ತಿ, ಹೇಳಲಿ? ಗಿರಾಕಿ ಕೇಳಿದಾಗ ಇಲ್ಲನ್ನಬಾರದು ಅಂತ ನಾನೂ ಹಾಕ್ತೇನಿ. ಕಡೀಕ ಇವ್ರಿಗೆ ಉಳಿಯೂದು ಹಿಂಡಿ, ರೊಟ್ಟಿ. ಒಂದ್ ದಿನಾ ಹಿಂಗ್ಯಾಕಂತ ಕೇಳಿಲ್ಲ ಅವ್ರು."

ಮಲ್ಲೇಶ ಏನೋ ಹೇಳಲು ಹೋಗಿ ತನ್ನ ಹೊಟ್ಟೆ ನೋಡಿಕೊಂಡ. ಅದು ಚೆನ್ನಾಗಿ ಬೆಳೆದ ಹೊಟ್ಟೆ. ಅದರ ಎದುರು ವಾದ ಮಾಡಲಾಗಲಿಲ್ಲ.

ಹೀನಾ ಮುಂದೆ ಬಂದಳು. "ಕಾಕಾ, ದಿನಾ ಆರ್ ಥರಾ ಉಣ್ತೇನಿ ಅಂದಿದ್ರಿ ನನ್ನ ಮುಂದ?"

ದ್ಯಾಮಪ್ಪ ರೊಟ್ಟಿ ತಾಟಿನಲ್ಲಿಟ್ಟ. ಇನ್ನು ಸುಳ್ಳಿಗೂ ಜಾಗ ಉಳಿದಿರಲಿಲ್ಲ. "ಅದು ಬೋರ್ಡ್ ಓದಿದ್ನೆವಾ. ನನ್ನ ಮೈಯಾಗ ರಕ್ತ ಇಲ್ಲಂತ ಗೊತ್ತಾದ್ರ ಇಕಿ ಖಾನಾವಳಿ ಮುಳಗ್ತೈತಿ ಅಂತ ಅಂಜಿದ್ನಿ. ಅದಕ್ಕ ಹಳಿಯಾಳಕ್ಕ ಹೋದ್ನಿ, ದವಾಖಾನಿಗೆ. ಅಕೀನೂ ಇಲ್ಲ, ಯಾರೂ ಇಲ್ರೀ ಅಕ್ಕಾರ. ಅಲ್ಲೆ ಒಂದ್ ತಾಟ ಇತ್ತು ಅಷ್ಟ."

ಶಿವಗಂಗವ್ವ ಈಗ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು. ಒಬ್ಬ ಹೆಂಗಸನ್ನು ಎದುರಿಸಲು ಬಂದಿದ್ದ ಸಿಟ್ಟು ಒಂದು ತಾಟಿನ ಎದುರು ಏನು ಮಾಡೀತು?

ಓಣಿಯ ಒಂದಿಬ್ಬರು ನಗತೊಡಗಿದರು. ದ್ಯಾಮಪ್ಪನೂ ನಗಲು ಹೊರಟಿದ್ದ. ಅಷ್ಟರಲ್ಲಿ ಹೀನಾ ಕೇಳಿದಳು: "ಗಿರಾಕಿ ಆದ ಮ್ಯಾಲ ಕಾಕಾ ಉಣ್ತಾರ, ಹಿಂಡಿ ರೊಟ್ಟಿ. ಕಾಕಾ ಆದ ಮ್ಯಾಲ ನೀವ್ ಏನ್ ಉಣ್ತೀರಿ ಕಾಕೂ?"

ದುರ್ಗವ್ವ ಕೈಯ ಹಿಟ್ಟನ್ನು ಉಜ್ಜುತ್ತ ನಿಂತಳು. "ನಂದೇನ್ ಬಿಡವಾ. ರೊಟ್ಟಿ ಚೂರ ಇರ್ತಾವ. ಚಾದಾಗ ಅದ್ದಿ ತಿಂತೇನಿ. ಹೊಗೀ ಕುಡದ ಕುಡದ ಹೊಟ್ಟಿ ತುಂಬಿರ್ತೈತಿ."

"ಕೈ ಕೊಡ್ರಿ." ಹೇಗೂ ಅಡುಗೆ ಮಾಡುವವರ ಪರೀಕ್ಷೆ ಆಗಲೇಬೇಕಿತ್ತು. ಹೀನಾ ಹಿಟ್ಟು ಒರೆಸಿ ಬೆರಳು ಚುಚ್ಚಿದಳು. ಹನಿ ಬರಲು ಹೊತ್ತು ಹಿಡಿಯಿತು. ಯಂತ್ರ ನೋಡಿದಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಒಳಗೆ ತೊಳೆದ ಅರಿವೆಯ ಹಾಗೆ ಬಿಳಿ.

"ಎಷ್ಟೈತಿ?" ಎಂದ ದ್ಯಾಮಪ್ಪ.

"ಆರು."

ದ್ಯಾಮಪ್ಪನಿಗೆ ಬಾಗಿಲ ಚೌಕಟ್ಟು ನೆನಪಾಯಿತು, ಚೀಲಕ್ಕೆ ಒರಗಿದ ಬೆನ್ನು ನೆನಪಾಯಿತು. ಬಸ್ಸು ಹತ್ತಿ ಹೋಗಿ ತಾನು ಎರಡೆರಡು ಸಲ ಹಾಕಿಸಿಕೊಂಡ ರಾಜಗಿರಿ ತಪ್ಪಲು ನೆನಪಾಯಿತು. ಇವಳನ್ನೂ ಕರೆದುಕೊಂಡು ಬನ್ನಿ ಎಂದು ಈ ಹುಡುಗಿ ಅಂದೇ ಹೇಳಿದ್ದಳು. ಅವನು ಎದ್ದು, ತನ್ನ ತಾಟಿನಲ್ಲಿ ಮುರಿಯದೆ ಉಳಿದಿದ್ದ ರೊಟ್ಟಿಯನ್ನೂ ಮುಟ್ಟದ ತಪ್ಪಲ ಪಲ್ಯವನ್ನೂ ಬೇರೆ ತಾಟಿಗೆ ಹಾಕಿದ. ಬೆಂಚಿನ ಮೇಲೆ ಇಟ್ಟ.

"ಕೂಡು."

"ಏ, ಗಿರಾಕಿ ಮುಂದ..."

"ಅಡುಗೆ ಶುದ್ಧವಿದೆ" ಎಂದರು ನಿರೀಕ್ಷಕರು. "ಆದರೆ ನನ್ನ ತಪಾಸಣೆ ಮುಗಿಯಬೇಕಾದರೆ ಅಡುಗೆಯವರೂ ಉಣ್ಣಬೇಕು, ಅಮ್ಮಾ." ಅಂಥ ಕಾಯಿದೆ ಯಾವ ಪುಸ್ತಕದಲ್ಲಿಯೂ ಇಲ್ಲ. ಒಳ್ಳೆಯ ಅಧಿಕಾರಿಗೆ ಒಮ್ಮೊಮ್ಮೆ ಅದು ತೊಡಕಾಗುವುದಿಲ್ಲ.

ಹೀನಾ ಮರುದಿನವೇ ದುರ್ಗವ್ವನನ್ನು ದೊಡ್ಡ ಡಾಕ್ಟರರ ಹತ್ತಿರ ಕರೆದೊಯ್ದಳು. ಇಂಜೆಕ್ಷನ್ನು, ಗುಳಿಗೆ ಎಲ್ಲ ಆಯಿತು. ದುರ್ಗವ್ವ ವಿಶ್ರಾಂತಿಯಲ್ಲಿದ್ದ ಆ ದಿನಗಳಲ್ಲಿ ಶಿವಗಂಗವ್ವನೇ ಒಲೆ ಹಿಡಿದಳು. ಗಿರಾಕಿಗಳು ಹೆದರಿಕೊಂಡೇ ಉಂಡರು. ಆಕೆಯ ಹತ್ತಿರ ಎರಡನೆಯ ಸಲ ಪಲ್ಯ ಕೇಳುವ ಧೈರ್ಯ ಮಲ್ಲೇಶನಿಗೂ ಇರಲಿಲ್ಲ.

ಗುಳಿಗೆ ನುಂಗಿಸುವುದು ಸುಲಭವಾಯಿತು. ದುರ್ಗವ್ವನನ್ನು ಮೊದಲು ಉಣ್ಣಿಸುವುದು ಕಷ್ಟವಾಯಿತು. ಒಲೆಗೆ ಮರಳಿದ ದಿನವೇ ಅವಳು ಹಳೆಯ ಹಾದಿ ಹಿಡಿದಳು. "ಹಸದ ಮಂದಿ ಬಾಗಲದಾಗ ನಿಂತಾಗ ನಾ ತಾಟ ಹಚ್ಚಿಕೊಂಡ ಕೂಡ್ಲೇನು? ದೇವಿ ಮೆಚ್ಚತಾಳೇನು?" ದ್ಯಾಮಪ್ಪ ಪ್ರೋಟೀನು, ವಿಟಮಿನ್ನು ಎಂದು ಎಷ್ಟು ಪಾಠ ಹೇಳಿದರೂ ಅದು ಹಂಚಿನ ಮೇಲಿನ ನೀರಿನಂತೆ ಹಾರಿಹೋಯಿತು. ಅವನು ಕಡೆಗೆ ಪಾಠ ಬಿಟ್ಟು, ತನಗೆ ಗೊತ್ತಿದ್ದ ಎಲ್ಲಕ್ಕಿಂತ ದೊಡ್ಡ ಶಕ್ತಿಯ ಮೊರೆ ಹೋದ. ಮಲ್ಲೇಶನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಏನೋ ಹೇಳಿದ.

ಸಂಜೆಯ ಪಾಳಿ ಬಿಡುವಾಗ ಗೇಟಿನಲ್ಲಿ ಹೊಸ ಸುದ್ದಿಯಿತ್ತು: ಮಾಡಿದಾಕೆ ತಾನು ಮೊದಲು ಉಣ್ಣದ ಖಾನಾವಳಿಯಲ್ಲಿ ಉಂಡರೆ ಹೊಟ್ಟೆ ಕೆಡುತ್ತದೆ.

ಮರುದಿನ ಭೋಂಗಾ ಕೂಗಿತು. ಗಿರಾಕಿಗಳು ಬಂದು ಬಾಗಿಲಲ್ಲಿ ಸಾಲಾಗಿ ನಿಂತರು. ಒಬ್ಬನೂ ಕೂರಲಿಲ್ಲ.

"ಬರ್ರಿ, ಯಾಕ ನಿಂತೀರಿ?" ಎಂದಳು ದುರ್ಗವ್ವ.

"ನೀವ್ ಉಂಡ ಮ್ಯಾಲ ಬರ್ತೇವ್ರಿ ಅಕ್ಕಾ. ನಮಗ ಅಂಜಿಕಿ ಐತಿ" ಎಂದ ಸೋಮಾ, ಒಂದು ಚೂರೂ ಅಂಜದ ಮುಖದಲ್ಲಿ.

ಬೇರೆ ದಾರಿಯಿರಲಿಲ್ಲ. ಗಂಡ ಹೆಂಡತಿ ಎದುರುಬದುರು ಕೂತರು. ಇಡೀ ಪಾಳಿ ಬಾಗಿಲಲ್ಲಿ ನಿಂತು ನೋಡಿತು.

"ಅಕ್ಕಾ, ಕಾಳ ಬಿಟ್ರಲ್ರೀ!"

"ಲಿಂಬಿಹಣ್ಣ ಹಿಂಡ್ಕೋರಿ!"

"ಇನ್ನೊಂದ್ ಸೌಟ ಕಬ್ಬಿಣ ಹಾಕ್ಕೋರಿ ಅಕ್ಕಾ, ನಾಚಬ್ಯಾಡ್ರಿ!"

"ದ್ಯಾಮಣ್ಣ, ಚಾಕ್ಕ ಕೈ ಹಾಕಬ್ಯಾಡ್ರಿ! ಹೀನಾ ಸಿಸ್ಟರಿಗೆ ಹೇಳ್ತೇವಿ!"

"ನನ್ನ ಬಾಯಿ ನೋಡಬ್ಯಾಡ್ರಪಾ, ದೃಷ್ಟಿ ತಾಗ್ತೈತಿ" ಎಂದು ದುರ್ಗವ್ವ ಸೆರಗು ಅಡ್ಡ ಮಾಡಿಕೊಂಡಳು. ಸೆರಗಿನ ಹಿಂದೆ ಊಟ ನಡೆದೇ ಇತ್ತು. ಮೊದಲ ದಿನ ನಾಚಿಕೆಯಿಂದ ಉಂಡಳು, ಆಮೇಲೆ ಅಭ್ಯಾಸದಿಂದ. ಮಳೆಗಾಲ ಹಿಡಿಯುವ ಹೊತ್ತಿಗೆ ಹಸಿವಿನಿಂದ ಉಣ್ಣತೊಡಗಿದಳು. ಚೌಕಟ್ಟು ಹಿಡಿಯುವುದು ನಿಂತಿತು. ಜೋಳದ ಚೀಲಗಳು ಕರಗಿದವು. ಬೋರ್ಡು ಮಾತ್ರ ಹಾಗೆಯೇ ಇದೆ. ಈರೇಶ ಅದರ ಕೆಳಗೆ ರೊಟ್ಟಿ ಎಂದು ಸೇರಿಸಿದ್ದಾನೆ, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ.

ಹೀಗಿರುವಾಗ ಒಂದು ದಿನ ಮಲ್ಲೇಶ ತಡವಾಗಿ ಬಂದ. ಅವಸರದಲ್ಲಿ ರೊಟ್ಟಿ ಮುರಿದು ಎಂದಿನಂತೆ ತಾಟು ಒಳಗೆ ತೋರಿಸಿದ.

"ಅಕ್ಕಾ, ಇಲ್ಲೆ ಒಂದ್ ಸೌಟ ಕಬ್ಬಿಣ!"

"ಮುಗದೈತಿ" ಎಂದಳು ದುರ್ಗವ್ವ ಒಳಗಿನಿಂದ.

ಆ ಖಾನಾವಳಿಯಲ್ಲಿ ಗಿರಾಕಿಯೊಬ್ಬ ಆ ಮಾತು ಕೇಳಿದ್ದು ಅದೇ ಮೊದಲು. ಗಲ್ಲಾದ ಹಿಂದೆ ದ್ಯಾಮಪ್ಪ ತಲೆಯೆತ್ತಿದ.

"ಮುಗದೈತಿ? ಯಾರ್ ಉಂಡ್ರು?"

ದುರ್ಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಾ ಉಂಡೆ."